ಭತ್ತದ ತಳಿಶಾಸ್ತ್ರಜ್ಞ ಡಾ. ಎಂ. ಮಹದೇವಪ್ಪನವರು: ಅವರ ಜೀವನವೂ ಕಾರ್ಯವೂ



ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ ದೊಡ್ಡವರ ಚರಿತ್ರೆಗಳನ್ನು ಬರೆಯುವದು ಮೊದಲಿನಿಂದಲೂ ನಡೆದುಬಂದ ವಾಡಿಕೆಯಾಗಿದೆ. ರಾಜ್ಯವನ್ನಾಳಿದವರು, ಗ್ರಂಥಗಳನ್ನು ರಚಿಸಿದವರು, ರೋಗಿಗಳ ಶುಶ್ರೂಷೆಗಾಗಿ ಸಮುದ್ರವನ್ನು ದಾಟಿ ಬಂದವರು, ಇಂಥವರ ಜೀವನಗಳನ್ನು ನೀವು ಈ ಪುಟಗಳಲ್ಲಿ ಓದಿರುವಿರಿ. ಈ ಸಾರೆ ನಾವು ಬೀಜದ ಕೆಲಸದಲ್ಲಿ ತಮ್ಮ ಆಯುಷ್ಯವನ್ನು ಕಳೆದ ಒಬ್ಬ ಕನ್ನಡಿಗರ ಚರಿತ್ರೆಯನ್ನು ಪಾಠದ ರೂಪದಲ್ಲಿ ಬರೆಯಲು ಮನಸ್ಸು ಮಾಡಿದ್ದೇವೆ. ರಾಜನ ಹೆಸರು ನಾಣ್ಯದ ಮೇಲಿರುವದು, ಕವಿಯ ಹೆಸರು ಗ್ರಂಥದ ಮೇಲಿರುವದು. ಬೀಜವನ್ನು ತಿದ್ದಿದವನ ಹೆಸರು ಅಕ್ಕಿಯ ಕಾಳಿನ ಮೇಲೆ ಇರುವದಿಲ್ಲ. ಆದದರಿಂದ ಅದನ್ನು ಹೇಳಿಕೊಡುವ ಕೆಲಸವು ಶಿಕ್ಷಕಿಯರ ಪಾಲಿಗೆ ಬರುತ್ತದೆ.

ಶಿಗ್ಲಿಯಂಥ ಊರಿನಲ್ಲಿ ಭತ್ತದ ಪಾಠವೇಕೆಂದು ನೀವು ಕೇಳಬಹುದು. ನಮ್ಮದು ಮಳೆಯನ್ನು ನೆಚ್ಚಿದ ಸೀಮೆ. ಇಲ್ಲಿಯ ಎರೆಹೊಲ ಮಸಾರಿ ಹೊಲಗಳಲ್ಲಿ ಜೋಳ, ಶೇಂಗಾ, ಹೆಸರು, ಹತ್ತಿ, ಮೆಣಸಿನಕಾಯಿ ಬೆಳೆಯುವವೇ ಹೊರತು ನಿಂತ ನೀರಿನ ಗದ್ದೆಗಳಿಲ್ಲ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಟ್ಟುಕೊಂಡು ರೊಟ್ಟಿಯನ್ನುಂಡು ಬಾಳಿದರು. ಅನ್ನವೆಂಬದು ಹಬ್ಬ ಹುಣ್ಣಿವೆಗಳ ಊಟವಾಗಿತ್ತು. ಇಂದಾದರೋ ಪರಿಸ್ಥಿತಿಯು ಬದಲಾಗಿದೆ. ಶಾಲೆಯ ಬಿಸಿಯೂಟದ ತಟ್ಟೆಯಲ್ಲಿ ಅನ್ನವಿರುವದು. 2013ರಲ್ಲಿ ಅನ್ನಭಾಗ್ಯ ಯೋಜನೆಯು ಜಾರಿಗೆ ಬಂದ ಮೇಲಂತೂ ಪಡಿತರದ ಅಕ್ಕಿಯು ಬಡವರ ಮನೆಮನೆಯನ್ನು ಮುಟ್ಟಿದೆ. ನಾವು ಬೆಳೆಯದಿದ್ದರೂ ನಾವು ಉಣ್ಣುವ ಕಾಳು ಎಲ್ಲಿಂದ ಬಂತು, ಯಾರ ಶ್ರಮದಿಂದ ಅದು ಇಷ್ಟು ವಿಪುಲವಾಯಿತು ಎಂಬದನ್ನು ತಿಳಿಯುವದು ಉಂಡವರ ಧರ್ಮವಲ್ಲವೇ? ಇದಲ್ಲದೆ ನಮ್ಮ ಹೆಣ್ಣುಮಕ್ಕಳಿಗೆ ಸಂಬಂಧಪಟ್ಟ ಮತ್ತೊಂದು ಕಾರಣವೂ ಇದೆ. ಅದನ್ನು ಕೊನೆಯಲ್ಲಿ ಹೇಳುವೆವು.

1. ಹಸಿವೆಯ ಕಾಲ

1876ರಿಂದ 1878ರವರೆಗಿನ ಘೋರ ಬರಗಾಲವು ದಕ್ಷಿಣ ಭಾರತವನ್ನೆಲ್ಲ ನಡುಗಿಸಿತು. ಧಾರವಾಡ ಸೀಮೆಯು ಅದರ ಬಾಯಿಗೆ ಬಿದ್ದ ಪ್ರಾಂತಗಳಲ್ಲೊಂದು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗೆ ಆ ಕಾಲದಲ್ಲಿ ಮಿಶನ್ನಿನ ಅನಾಥಾಶ್ರಮಗಳು ಆಶ್ರಯಕೊಟ್ಟವು. ಕನ್ಯಾಶಾಲೆಗಳ ಚರಿತ್ರೆಯನ್ನು ಓದುವವರಿಗೆ ಹಸಿವೆಗೂ ವಿದ್ಯೆಗೂ ಇರುವ ಈ ಸಂಬಂಧವು ಕಂಡೇ ಕಾಣುವದು. ಮುಂದೆ 1943ರಲ್ಲಿ ಬಂಗಾಲದಲ್ಲಿ ಲಕ್ಷಾಂತರ ಜನರು ಅನ್ನವಿಲ್ಲದೆ ಸತ್ತರು. ಸ್ವಾತಂತ್ರ್ಯ ಬಂದ ಬಳಿಕವೂ ನಮ್ಮ ಹಸಿವೆಯು ನೀಗಲಿಲ್ಲ. 1965-66 ಮತ್ತು 1966-67ರಲ್ಲಿ ಮಳೆ ಕೈಕೊಟ್ಟಾಗ ಅಮೇರಿಕದಿಂದ ಹಡಗುಗಳಲ್ಲಿ ಬರುವ ಗೋದಿಗಾಗಿ ದೇಶವು ಕಣ್ಣಿಟ್ಟು ಕಾಯಬೇಕಾಯಿತು.

1950-51ರಲ್ಲಿ ಭಾರತದಲ್ಲಿ ಬೆಳೆದ ಅಕ್ಕಿಯು ಸುಮಾರು 2 ಕೋಟಿ ಟನ್ನು. 2020-21ರಲ್ಲಿ ಅದು 12 ಕೋಟಿ ಟನ್ನನ್ನು ಮೀರಿತು. ಭೂಮಿಯು ಆರು ಪಟ್ಟು ಹಿಗ್ಗಲಿಲ್ಲ. ಕಾಲುವೆಯ ನೀರು, ಗೊಬ್ಬರ, ರೈತನ ದುಡಿಮೆ ಇವೆಲ್ಲ ಸೇರಿ ಈ ಫಲ ಬಂದಿತೆಂಬದು ನಿಜ. ಆದರೆ ಆ ನೀರನ್ನೂ ಗೊಬ್ಬರವನ್ನೂ ಕಾಳನ್ನಾಗಿ ಮಾರ್ಪಡಿಸತಕ್ಕ ಬೀಜವಿಲ್ಲದಿದ್ದರೆ ಮಿಕ್ಕ ಪ್ರಯತ್ನಗಳು ಇಷ್ಟು ಫಲಿಸುತ್ತಿರಲಿಲ್ಲ. ಆ ಬೀಜವನ್ನು ಸಿದ್ಧಪಡಿಸುವ ವಿದ್ಯೆಗೆ ತಳಿಶಾಸ್ತ್ರವೆಂದು ಹೆಸರು.

2. ಜನನ ಮತ್ತು ಕಾರ್ಯಕ್ಷೇತ್ರ

ಮಹದೇವಪ್ಪನವರು 1937ನೆಯ ಇಸವಿ ಆಗಸ್ಟ್ 4ನೆಯ ದಿವಸ ಚಾಮರಾಜನಗರ ತಾಲೂಕಿನ ಮಾದಾಪುರವೆಂಬ ಸಣ್ಣ ಹಳ್ಳಿಯಲ್ಲಿ ಜನಿಸಿದರು. ಅಂದು ಅದು ಮೈಸೂರು ಜಿಲ್ಲೆಗೆ ಸೇರಿತ್ತು. ಮನೆತನವು ಬೇಸಾಯದ್ದು, ಹಣಕಾಸಿನ ಅನುಕೂಲವು ಅಷ್ಟಕ್ಕಷ್ಟೆ. ಅಂಥ ಮನೆಯಲ್ಲಿ ಹುಟ್ಟಿದ ಹುಡುಗನು ಓದು ಬಂದೊಡನೆ ಹೊಲವನ್ನು ಬಿಟ್ಟು ಕಚೇರಿಯ ಕುರ್ಚಿಯನ್ನು ಹುಡುಕುವದು ಲೋಕರೂಢಿ. ಮಹದೇವಪ್ಪನವರು ಹಾಗೆ ಮಾಡದೆ ಕೃಷಿಶಾಸ್ತ್ರವನ್ನೇ ಕಲಿತು, ತಾವು ಕಲಿತದ್ದನ್ನು ತಿರುಗಿ ಹೊಲಕ್ಕೇ ತಂದರು.

ಅವರ ಹೆಸರು ಮಂಡ್ಯದ ವಿ.ಸಿ. ಫಾರ್ಮಿನೊಡನೆ ಅಗಲದಂತೆ ಕೂಡಿಕೊಂಡಿದೆ. ಈ ಫಾರ್ಮಿಗೆ ವಿಶ್ವೇಶ್ವರಯ್ಯ ಕಾಲುವೆಯ ಹೆಸರೇ ಬಂದಿದೆ. ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟಿ ಕಾಲುವೆಯನ್ನು ತೋಡಿದ ಬಳಿಕ ಮಂಡ್ಯದ ಒಣ ಭೂಮಿಯು ಭತ್ತ ಕಬ್ಬುಗಳ ನಾಡಾಯಿತು. ನೀರೇನೋ ಬಂದಿತು; ಆ ನೀರಿಗೆ ತಕ್ಕ ತಳಿ ಯಾವದು, ಬಿತ್ತುವ ಕಾಲ ಯಾವದು, ರೋಗಕ್ಕೆ ಉಪಾಯವೇನು ಎಂದು ಹೇಳತಕ್ಕವರು ಬೇಕಾಗಿದ್ದರು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪನೆಯಾದ ಮೇಲೆ ಈ ಫಾರ್ಮು ಅದರ ಭತ್ತದ ಸಂಶೋಧನೆಯ ಮುಖ್ಯ ಠಾಣ್ಯವಾಯಿತು.

3. ಭತ್ತದ ಹೂವಿನ ಪಾಠ

ತಳಿಶಾಸ್ತ್ರಜ್ಞನು ಮಾಡುವ ಕೆಲಸವನ್ನು ತಿಳಿಯಬೇಕಾದರೆ ಭತ್ತದ ಹೂವನ್ನು ತಿಳಿಯಬೇಕು. ತೆನೆಯಲ್ಲಿ ಕಾಣುವ ಒಂದೊಂದು ಹಸುರು ಕಾಳೂ ಮೊದಲು ಒಂದೊಂದು ಹೂವೇ ಆಗಿತ್ತು. ಎರಡು ಚಿಕ್ಕ ಸಿಪ್ಪೆಗಳ ನಡುವೆ ಆರು ಪರಾಗಕೋಶಗಳೂ, ಗರಿಯಂತಿರುವ ಎರಡು ತುದಿಗಳುಳ್ಳ ಒಂದು ಅಂಡಾಶಯವೂ ಇರುತ್ತವೆ. ಮುಂಜಾನೆ ಬಿಸಿಲೇರಿದ ಮೇಲೆ ಸಿಪ್ಪೆಯು ಕೊಂಚ ಹೊತ್ತು ಬಾಯಿ ತೆರೆಯುವದು; ಅಷ್ಟರಲ್ಲಿ ತನ್ನ ಪರಾಗವು ತನ್ನ ಮೇಲೆಯೇ ಉದುರಿ ಬೀಜ ಕಟ್ಟುವದು. ಆದದರಿಂದ ಭತ್ತವು ತಲೆಮಾರಿನಿಂದ ತಲೆಮಾರಿಗೆ ತನ್ನಂಥದನ್ನೇ ಹಡೆಯುತ್ತ ಹೋಗುತ್ತದೆ.

ಈಗ ರೋಗವನ್ನು ತಡೆಯುವ ಒಂದು ತಳಿಯ ಗುಣವನ್ನೂ, ಹೆಚ್ಚು ಕಾಳು ಕೊಡುವ ಇನ್ನೊಂದರ ಗುಣವನ್ನೂ ಒಂದೇ ಗಿಡದಲ್ಲಿ ಕೂಡಿಸಬೇಕಾಗಿದೆ ಎಂದುಕೊಳ್ಳಿರಿ. ತಾಯಿಯೆಂದು ಆರಿಸಿದ ಗಿಡದ ಹೂವು ತೆರೆಯುವ ಮೊದಲೇ ಅದರ ಸಿಪ್ಪೆಯ ತುದಿಯನ್ನು ಕತ್ತರಿಸಿ, ಸಣ್ಣ ಚಿಮಟದಿಂದ ಆರೂ ಪರಾಗಕೋಶಗಳನ್ನು ಒಂದನ್ನೂ ಬಿಡದೆ ತೆಗೆಯಬೇಕು. ಒಂದು ಉಳಿದರೂ ಕೆಲಸ ಕೆಟ್ಟಿತು. ಬಳಿಕ ಬೇರೆ ಪರಾಗ ತಾಗದಂತೆ ತೆನೆಗೆ ಕಾಗದದ ಚೀಲವನ್ನು ತೊಡಿಸಿ, ಮರುದಿನ ತಂದೆಯೆಂದು ಆರಿಸಿದ ಗಿಡದ ಪರಾಗವನ್ನು ಅದರ ಮೇಲೆ ಉದುರಿಸಬೇಕು. ಹೀಗೆ ಹುಟ್ಟಿದ ಬೀಜಕ್ಕೆ ಸಂಕರ ಬೀಜವೆಂದು ಹೆಸರು.

ಇದು ಕೆಲಸದ ಆರಂಭ ಮಾತ್ರ. ಸಂಕರದ ಮೊದಲನೆಯ ತಲೆಮಾರಿನ ಗಿಡಗಳು ಎಲ್ಲವೂ ಒಂದೇ ತರಹ ಇರುವವು. ಎರಡನೆಯ ತಲೆಮಾರಿನಲ್ಲಾದರೋ ಎತ್ತರದವು, ಗಿಡ್ಡನವು, ಬೇಗ ಬಲಿಯುವವು, ತಡೆದು ಬಲಿಯುವವು ಹೀಗೆ ಬಗೆಬಗೆಯ ಗಿಡಗಳು ಬೇರೆ ಬೇರೆಯಾಗಿ ಹೊರಬೀಳುವವು. ಈ ಒಡೆಯುವಿಕೆಯ ನಿಯಮವನ್ನು ಮೊದಲು ಕಂಡುಹಿಡಿದವನು ಗ್ರೆಗರ್ ಮೆಂಡೆಲ್ ಎಂಬ ಕ್ರೈಸ್ತ ಸನ್ಯಾಸಿ. ತನ್ನ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ, ಎಣಿಸಿ, 1865ರಲ್ಲಿ ಅವನು ಅದನ್ನು ಪಂಡಿತರ ಮುಂದಿಟ್ಟನು. ಆಗ ಯಾರೂ ಲಕ್ಷ್ಯಗೊಡಲಿಲ್ಲ. ಅವನು ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ, 1900ರಲ್ಲಿ, ಲೋಕವು ಅದರ ಬೆಲೆಯನ್ನರಿಯಿತು.

ಎರಡನೆಯ ತಲೆಮಾರಿನ ಸಾವಿರಾರು ಗಿಡಗಳೊಳಗಿಂದ ತನಗೆ ಬೇಕಾದವುಗಳನ್ನು ಆರಿಸಿ, ಅವುಗಳ ಬೀಜವನ್ನು ಬಿತ್ತಿ, ಮತ್ತೆ ಆರಿಸಿ, ಹೀಗೆ ಆರೇಳು ತಲೆಮಾರುಗಳಾದ ಬಳಿಕ ಗುಣಗಳು ನೆಲೆನಿಲ್ಲುವವು. ಆ ಮೇಲೆ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಮಳೆಗಾಲಗಳಲ್ಲಿ ಪರೀಕ್ಷೆ ನಡೆಯುವದು. ಒಂದು ತಳಿಯು ರೈತನ ಕೈಸೇರುವದಕ್ಕೆ ಹತ್ತು ವರ್ಷಗಳು ಹಿಡಿಯುವದು ಅಪರೂಪವಲ್ಲ. ಆರಿಸಿದ್ದಕ್ಕಿಂತ ಬಿಸಾಡಿದ್ದೇ ಹೆಚ್ಚಿರುವ ಕೆಲಸವಿದು.

4. ಗಿಡ್ಡ ಭತ್ತದ ಯುಗ

ಮಹದೇವಪ್ಪನವರು ಕೆಲಸಕ್ಕೆ ತೊಡಗಿದ ಕಾಲಕ್ಕೆ ಭತ್ತದ ಲೋಕದಲ್ಲಿ ಒಂದು ಕ್ರಾಂತಿ ನಡೆಯುತ್ತಿತ್ತು. ಹಳೆಯ ತಳಿಗಳು ಎತ್ತರವಾಗಿ ಬೆಳೆಯುತ್ತಿದ್ದವು. ಗೊಬ್ಬರ ಹೆಚ್ಚು ಕೊಟ್ಟರೆ ತೆನೆ ಭಾರವಾಗಿ ಗಿಡವು ನೆಲಕ್ಕೊರಗಿ ಬೆಳೆ ಕೊಳೆಯುತ್ತಿತ್ತು. ಫಿಲಿಪ್ಪೀನ್ಸ್ ದೇಶದ ಲಾಸ್ ಬಾನ್ಯೋಸ್ ಎಂಬಲ್ಲಿ 1960ರಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಸ್ಥಾಪಿತವಾಯಿತು. 1962ರಲ್ಲಿ ಅಲ್ಲಿಯ ವಿಜ್ಞಾನಿಗಳು ಇಂಡೋನೇಶಿಯದ ಪೇಟಾ ಎಂಬ ಎತ್ತರದ ತಳಿಯನ್ನು ತೈವಾನಿನ ಒಂದು ಗಿಡ್ಡ ತಳಿಯೊಡನೆ ಕೂಡಿಸಿದರು. ಅದು ಅವರ ಎಂಟನೆಯ ಸಂಕರ. ಅದರ ಸಂತತಿಯಲ್ಲಿ 288ನೆಯ ಸಾಲಿನ 3ನೆಯ ಗಿಡವು ಅವರ ಕಣ್ಣಿಗೆ ಬಿದ್ದಿತು. 1966ರಲ್ಲಿ ಐ.ಆರ್. 8 ಎಂಬ ಹೆಸರಿನಿಂದ ಲೋಕಕ್ಕೆ ಬಿಡುಗಡೆಯಾದದ್ದು ಆ ಒಂದು ಗಿಡದ ಸಂತಾನವೇ. 1968ರಲ್ಲಿ ನಮ್ಮ ದೇಶದವರೇ ಜಯಾ ಎಂಬ ಗಿಡ್ಡ ತಳಿಯನ್ನು ಹೊರತಂದರು.

ಆದರೆ ಎಲ್ಲ ಊರಿಗೂ ಒಂದೇ ಅಂಗಿ ಒಪ್ಪುವದಿಲ್ಲ. ಒಂದೆಡೆಯ ನೀರು ಬೇಗ ನಿಲ್ಲುವದು, ಇನ್ನೊಂದೆಡೆ ಚಳಿ ಹೆಚ್ಚು, ಮತ್ತೊಂದೆಡೆ ನೆಲ ಚೌಳಾಗಿರುವದು. ಹೊರಗಿನಿಂದ ಬಂದ ಗುಣವನ್ನು ನಮ್ಮ ನಾಡಿನ ನೆಲ ನೀರುಗಳಿಗೆ ಹೊಂದಿಸುವ ಕೆಲಸವನ್ನು ಕೈಕೊಂಡ ಕನ್ನಡ ನಾಡಿನ ವಿಜ್ಞಾನಿಗಳಲ್ಲಿ ಮಹದೇವಪ್ಪನವರು ಮುಖ್ಯರು. ಕಾಲುವೆಯ ನೀರು ಹರಿದು ಇಂಗುವಲ್ಲಿ ಕಾಲಕ್ರಮದಿಂದ ಭೂಮಿಯು ಚೌಳಾಗುವ ಕೇಡುಂಟು. ಅಂಥ ನೆಲವನ್ನೂ, ಸತುವಿನ ಕೊರತೆಯುಳ್ಳ ನೆಲವನ್ನೂ ತಾಳುವ ಭತ್ತಗಳನ್ನು ಪರೀಕ್ಷಿಸಿ ಬೇರ್ಪಡಿಸುವ ಬಗೆಯನ್ನು ಕುರಿತು ಅವರು ಪರದೇಶದ ಸಹಕಾರಿಗಳೊಡನೆ 1981ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಕೊಯ್ಲಾದ ಬಳಿಕ ಉಳಿದ ಬುಡವು ಚಿಗುರಿ ಮತ್ತೊಂದು ಬೆಳೆ ಕೊಡುವ ಕೂಳೆ ಬೆಳೆಯ ಪದ್ಧತಿಯನ್ನು ಕುರಿತೂ ಅವರು ಅಭ್ಯಾಸ ಮಾಡಿದರು. ಬಡ ರೈತನಿಗೆ ಎರಡನೆಯ ಬಿತ್ತನೆಯ ಖರ್ಚಿಲ್ಲದೆ ನಾಲ್ಕು ಕಾಳು ಹೆಚ್ಚು ದೊರೆಯಬೇಕೆಂಬದೇ ಇಂಥ ಅಭ್ಯಾಸದ ಗುರಿ. ಜನರು ಪ್ರೀತಿಯಿಂದ ಅವರನ್ನು ರೈಸ್ ಮಹದೇವಪ್ಪನವರೆಂದು ಕರೆದರು.

5. ಹೈಬ್ರಿಡ್ ಭತ್ತ

ಸಂಕರದ ಮೊದಲನೆಯ ತಲೆಮಾರು ತಂದೆತಾಯಿಗಳಿಬ್ಬರಿಗಿಂತಲೂ ಹುಲುಸಾಗಿ ಬೆಳೆಯುವದುಂಟು. ಗೋವಿನಜೋಳದಲ್ಲಿ ಈ ಗುಣವನ್ನು ಬಹು ಹಿಂದೆಯೇ ಉಪಯೋಗಿಸಿಕೊಂಡಿದ್ದರು. ಭತ್ತದಲ್ಲಿ ಅದು ಆಗದೆಂದು ಬಹುಜನ ಪಂಡಿತರು ಕೈಬಿಟ್ಟಿದ್ದರು. ಹೇಗಂದರೆ, ಹೂವು ತನ್ನ ಪರಾಗದಿಂದ ತಾನೇ ಬೀಜ ಕಟ್ಟುವದು. ಒಂದೊಂದು ಹೂವಿನ ಪರಾಗಕೋಶಗಳನ್ನು ಚಿಮಟದಿಂದ ಕಿತ್ತು ಎಕರೆಗಟ್ಟಲೆಗೆ ಸಾಕಾಗುವಷ್ಟು ಬೀಜ ಮಾಡುವದು ಸಾಧ್ಯವೇ?

ಚೀನದ ಯುವಾನ್ ಲಾಂಗ್‌ಪಿಂಗ್ ಎಂಬ ಕೃಷಿಶಾಲೆಯ ಶಿಕ್ಷಕರು ಇದಕ್ಕೆ ದಾರಿ ಹುಡುಕಿದರು. 1970ರಲ್ಲಿ ಹೈನಾನ್ ದ್ವೀಪದಲ್ಲಿ ಅವರ ಬಳಗದವರಿಗೆ ಪರಾಗವೇ ಫಲಿಸದ ಒಂದು ಕಾಡುಭತ್ತದ ಗಿಡವು ದೊರೆಯಿತು. ಆ ಗುಣವನ್ನು ಬೆಳೆಯುವ ಭತ್ತಕ್ಕೆ ತಂದರೆ ಚಿಮಟದ ಕೆಲಸವನ್ನು ಪ್ರಕೃತಿಯೇ ಮಾಡಿಕೊಟ್ಟಂತಾಯಿತು. ಈ ಪದ್ಧತಿಯಲ್ಲಿ ಮೂರು ತಳಿಗಳು ಬೇಕು. ಪರಾಗ ಫಲಿಸದ ತಾಯಿ ತಳಿಯೊಂದು. ಆ ತಾಯಿಯ ವಂಶವನ್ನು ಹಾಗೆಯೇ ಕಾಯ್ದುಕೊಂಡು ಬರುವ ತಳಿಯೊಂದು. ತಾಯಿಯೊಡನೆ ಕೂಡಿ ಮತ್ತೆ ತುಂಬು ತೆನೆಯ ಮಕ್ಕಳನ್ನು ಕೊಡುವ ತಂದೆ ತಳಿಯೊಂದು. 1973ರ ಹೊತ್ತಿಗೆ ಈ ಮೂರೂ ಚೀನದಲ್ಲಿ ಕೂಡಿಬಂದವು. 1976ರಿಂದ ಹೈಬ್ರಿಡ್ ಭತ್ತವು ಅಲ್ಲಿಯ ರೈತರ ಗದ್ದೆಗಿಳಿಯಿತು.

ನಮ್ಮ ಊರಿನಲ್ಲಿ ಮಗ್ಗದ ಸಪ್ಪಳವನ್ನು ಕೇಳದವರಿಲ್ಲ. ಹಾಸು ಹೊಕ್ಕುಗಳೆರಡೂ ಹೊಂದಿದರೆ ಬಟ್ಟೆ; ಒಂದು ಎಳೆ ಸಡಿಲವಾದರೂ ನೇಯ್ಗೆ ಕೆಡುವದು. ಬೀಜದ ಹೊಲದಲ್ಲಿಯೂ ಹಾಗೆಯೇ. ತಾಯಿಯ ಸಾಲು, ತಂದೆಯ ಸಾಲು ಎರಡೂ ಒಂದೇ ದಿವಸಗಳಲ್ಲಿ ಹೂಬಿಡುವಂತೆ ಬಿತ್ತನೆಯ ತಾರೀಖುಗಳನ್ನು ಹಿಂದುಮುಂದು ಮಾಡಬೇಕು. ಹೂವು ತೆರೆಯುವ ಹೊತ್ತಿಗೆ ಇಬ್ಬರು ಹಗ್ಗದ ಎರಡು ತುದಿ ಹಿಡಿದು ತೆನೆಗಳ ಮೇಲೆ ಎಳೆಯುತ್ತ ಹೋದರೆ ತಂದೆಯ ಪರಾಗವು ಗಾಳಿಗೆ ಹಾರಿ ತಾಯಿಯನ್ನು ಮುಟ್ಟುವದು. ಇಷ್ಟು ದೊಡ್ಡ ಶಾಸ್ತ್ರವು ಕೊನೆಗೆ ಒಂದು ಹಗ್ಗದಲ್ಲಿ ಬಂದು ನಿಲ್ಲುವದನ್ನು ನೋಡಿರಿ!

ಭಾರತದಲ್ಲಿ ಹೈಬ್ರಿಡ್ ಭತ್ತದ ರಾಷ್ಟ್ರೀಯ ಕಾರ್ಯಕ್ರಮವು 1989ರಲ್ಲಿ ಬಲಗೊಂಡಿತು. ಮಂಡ್ಯದಲ್ಲಿ ಈ ಕಾರ್ಯಕ್ಕೆ ತಳಪಾಯ ಹಾಕಿದವರಲ್ಲಿ ಮಹದೇವಪ್ಪನವರು ಅಗ್ರಗಣ್ಯರು. 1994ರಲ್ಲಿ ದೇಶದ ಮೊದಲ ಹೈಬ್ರಿಡ್ ಭತ್ತಗಳು ಬಿಡುಗಡೆಯಾದಾಗ ಅವುಗಳಲ್ಲಿ ಮಂಡ್ಯದ ಕೆ.ಆರ್.ಎಚ್. 1 ಇದ್ದಿತು. 1996ರಲ್ಲಿ ಕೆ.ಆರ್.ಎಚ್. 2 ಬಂದಿತು, ಅದು ಕರ್ನಾಟಕದ ಗಡಿಯನ್ನು ದಾಟಿ ಬೇರೆ ರಾಜ್ಯಗಳಲ್ಲಿಯೂ ಹಬ್ಬಿತು. ಅದರ ತಾಯಿಯು ಚೀನದ ಕಾಡುಭತ್ತದ ಗುಣವನ್ನು ಹೊತ್ತು ಫಿಲಿಪ್ಪೀನ್ಸಿನ ಸಂಸ್ಥೆಯಲ್ಲಿ ಸಿದ್ಧವಾದ ತಳಿ. ತಂದೆಯು ಮಂಡ್ಯದಲ್ಲಿಯೇ ಆರಿಸಿದ ಕೆ.ಎಂ.ಆರ್. 3 ಎಂಬ ತಳಿ. ಮೂರು ದೇಶಗಳ ಶ್ರಮವು ಒಂದು ಕಾಳಿನಲ್ಲಿ ಅಡಗಿದೆ. ಇಂಥ ಕಾರ್ಯವು ಒಬ್ಬರಿಂದಾಗುವದಲ್ಲ, ಬಳಗದಿಂದ ಆಗತಕ್ಕದ್ದು. ಹಿರಿಯರು ಹಾಕಿದ ಸಾಲಿನಲ್ಲಿ ಕಿರಿಯರು ಬಿತ್ತಿದರು.

6. ಧಾರವಾಡದಲ್ಲಿ

ಮಹದೇವಪ್ಪನವರಿಗೂ ನಮ್ಮ ಸೀಮೆಗೂ ನೇರವಾದ ಸಂಬಂಧವು ಒದಗಿದ್ದು 1990ರ ದಶಕದಲ್ಲಿ. 1986ರಲ್ಲಿ ಸ್ಥಾಪಿತವಾದ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಅವರು ಎರಡು ಅವಧಿಗಳ ಕಾಲ ಕುಲಪತಿಗಳಾಗಿದ್ದರು. ಗದಗ ಜಿಲ್ಲೆಯು ಈ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿದ್ದು. ಧಾರವಾಡದ ಹತ್ತಿರ ಮುಗದದಲ್ಲಿ ಭತ್ತದ ಸಂಶೋಧನಾ ಕೇಂದ್ರವಿದೆ; ಕಲಘಟಗಿ, ಹಾನಗಲ್ಲು, ಮುಂಡಗೋಡು ಕಡೆಗಳಲ್ಲಿ ಕೂರಿಗೆಯಿಂದ ಭತ್ತವನ್ನು ಬಿತ್ತುವ ಪದ್ಧತಿಯುಂಟು. ಆದರೆ ಈ ವಿದ್ಯಾಪೀಠಕ್ಕೆ ಜೋಳ, ಹತ್ತಿ, ಶೇಂಗಾ, ಕಡಲೆ ಎಲ್ಲವೂ ಮಕ್ಕಳೇ. ಭತ್ತದ ಪಂಡಿತರಾದವರು ಒಣಬೇಸಾಯದ ನಾಡಿನ ಹೊಣೆಯನ್ನು ಹೊತ್ತುಕೊಂಡರು.

ಇಲ್ಲಿ ಅವರು ಕೈಗೆತ್ತಿಕೊಂಡ ಒಂದು ವಿಷಯವನ್ನು ಶಾಲೆಗೆ ನಡೆದು ಬರುವ ಪ್ರತಿಯೊಬ್ಬ ಹುಡುಗಿಯೂ ಬಲ್ಲಳು. ದಾರಿಯ ಎರಡೂ ಬದಿಗೆ ಬಿಳಿಯ ಹೂಬಿಟ್ಟು ನಿಲ್ಲುವ ಪಾರ್ಥೇನಿಯಂ, ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಕಸ, ಅಮೇರಿಕ ಖಂಡದಿಂದ ಬಂದ ಕಳೆ. ಭಾರತದಲ್ಲಿ ಅದು ಹಬ್ಬುತ್ತಿರುವದನ್ನು 1950ರ ದಶಕದಲ್ಲಿ ಪುಣೆಯ ಕಡೆ ಮೊದಲು ಗಮನಿಸಲಾಯಿತು. ಮೈಗೆ ತಾಗಿದರೆ ಹಲವರಿಗೆ ತುರಿಕೆ, ಕೆಲವರಿಗೆ ಉಬ್ಬಸ, ದನಗಳು ಮುಟ್ಟವು, ಬೆಳೆಯ ಸಾರವನ್ನು ಹೀರಿಕೊಳ್ಳುವದು. ಅದನ್ನು ಬರಿಯ ಔಷಧದಿಂದ ಸುಡುವ ಬದಲು, ಅದರ ಜಾಗದಲ್ಲಿ ಅದನ್ನು ಅಡಗಿಸಬಲ್ಲ ಕ್ಯಾಸಿಯ ಜಾತಿಯ ಗಿಡವನ್ನು ಬೆಳೆಸಬೇಕೆಂದು ಮಹದೇವಪ್ಪನವರು ಸಾರಿದರು. ಈ ಕಳೆಯ ನಿವಾರಣೆಯನ್ನು ಕುರಿತು ಬರೆದರು. 1997ರ ಅಕ್ಟೋಬರದಲ್ಲಿ ಇದೇ ವಿಷಯದ ಮೊದಲನೆಯ ಅಂತರರಾಷ್ಟ್ರೀಯ ಸಮ್ಮೇಳನವು ಧಾರವಾಡದಲ್ಲಿ ನೆರೆಯಿತು. ಕಸವು ಪೂರ್ತಿ ಹೋಗಿಲ್ಲವೆಂಬದು ನಮಗೆಲ್ಲರಿಗೂ ಕಾಣುತ್ತಲೇ ಇದೆ. ಆದರೂ ದೊಡ್ಡ ಪದವಿಯಲ್ಲಿ ಕುಳಿತವರು ದಾರಿಯ ಬದಿಯ ಕಸವನ್ನು ತಮ್ಮ ಲಕ್ಷ್ಯಕ್ಕೆ ತಕ್ಕ ವಿಷಯವೆಂದು ತಿಳಿದದ್ದು ಸಣ್ಣ ಮಾತಲ್ಲ.

ಮುಂದೆ ಅವರು ದಿಲ್ಲಿಯಲ್ಲಿ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಲಿಯ ಅಧ್ಯಕ್ಷರಾದರು. ನಿವೃತ್ತರಾದ ಮೇಲೂ ಸುಮ್ಮನೆ ಕೂಡದೆ ಮೈಸೂರಿನ ಜೆ.ಎಸ್.ಎಸ್. ಗ್ರಾಮೀಣಾಭಿವೃದ್ಧಿ ಪ್ರತಿಷ್ಠಾನದ ನಿರ್ದೇಶಕರಾಗಿ ಹಳ್ಳಿಗಳ ಸೇವೆಯನ್ನು ಮಾಡಿದರು. ಭಾರತ ಸರಕಾರವು ಅವರಿಗೆ 2005ರಲ್ಲಿ ಪದ್ಮಶ್ರೀ, 2013ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನಿತ್ತು ಗೌರವಿಸಿತು. 2021ನೆಯ ಇಸವಿ ಮಾರ್ಚ್ 6ರಂದು ಮೈಸೂರಿನಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಮೇ 22ರಂದು ಚೀನದ ಯುವಾನರೂ ಕಾಲವಾದರು. ಒಂದೇ ಬೆಳೆಗಾಗಿ ದುಡಿದ ಇಬ್ಬರು ಒಕ್ಕಲಿಗರು ಒಂದೇ ವರ್ಷದಲ್ಲಿ ಕಣದಿಂದ ಎದ್ದು ಹೋದಂತಾಯಿತು.

7. ಎರಡು ಮಗ್ಗುಲುಗಳು

ವಿದ್ಯಾರ್ಥಿನಿಯರು ಯಾವ ವಿಷಯವನ್ನಾದರೂ ಎರಡೂ ಮಗ್ಗುಲಿನಿಂದ ನೋಡಬೇಕೆಂದು ನಾವು ಹೇಳುತ್ತ ಬಂದಿದ್ದೇವೆ. ಹೈಬ್ರಿಡ್ ಬೀಜವು ಹೆಚ್ಚು ಬೆಳೆ ಕೊಡುವದು ನಿಜ. ಆದರೆ ಅದರ ಬೆಳೆಯನ್ನು ಮರುವರ್ಷ ಬೀಜಕ್ಕಾಗಿ ಇಟ್ಟುಕೊಳ್ಳಲಾಗುವದಿಲ್ಲ. ಎರಡನೆಯ ತಲೆಮಾರಿನಲ್ಲಿ ಗುಣಗಳು ಒಡೆದುಹೋಗುವವೆಂದು ಮೇಲೆ ಹೇಳಿದೆವಷ್ಟೆ. ಆದಕಾರಣ ರೈತನು ವರುಷ ವರುಷವೂ ಬೀಜವನ್ನು ಕೊಳ್ಳಬೇಕು. ಮನೆಯ ಹೆಂಗಸರು ಒಳ್ಳೆಯ ತೆನೆಗಳನ್ನು ಆರಿಸಿ, ಬೂದಿ ಬೇವಿನೆಲೆಗಳನ್ನು ಬೆರೆಸಿ ಗಡಿಗೆಯಲ್ಲಿ ಬೀಜ ಕಾಯ್ದಿಡುವ ವಿದ್ಯೆಯು ಇದರಿಂದ ಮರೆಯಾಗುತ್ತ ನಡೆದಿದೆ. ಹೊಸ ತಳಿಗಳ ಭರದಲ್ಲಿ ಮಂಡ್ಯ ಮೈಸೂರುಗಳ ರಾಜಮುಡಿ, ಕುಮಟೆಯ ಉಪ್ಪುನೀರಿನ ಗದ್ದೆಗಳ ಕಗ್ಗ ಮುಂತಾದ ಹಳೆಯ ಭತ್ತಗಳು ಹಿಂದೆ ಬಿದ್ದವು. ಆ ಹಳೆಯವುಗಳೊಳಗೆ ಯಾವ ಗುಣ ಅಡಗಿದೆಯೋ ಯಾರು ಬಲ್ಲರು? ಫಲಿಸದ ಪರಾಗದ ಆ ಕಾಡುಗಿಡವನ್ನು ಕಸವೆಂದು ಕಿತ್ತೊಗೆದಿದ್ದರೆ ಹೈಬ್ರಿಡ್ ಭತ್ತಕ್ಕೆ ಆ ದಾರಿಯು ತೆರೆಯುತ್ತಿರಲಿಲ್ಲ. ಹೊಸದನ್ನು ಮಾಡುವವನಿಗೆ ಹಳೆಯದೇ ಬಂಡವಾಳ. ಆದದರಿಂದ ಎರಡನ್ನೂ ಕಾಯುವದು ಜಾಣತನ.

ನೀರಿನ ಮಾತೂ ಹಾಗೆಯೇ. ಗದ್ದೆಯಲ್ಲಿ ನೀರು ನಿಲ್ಲಿಸಿ ಒಂದು ಕಿಲೋ ಅಕ್ಕಿಯನ್ನು ಬೆಳೆಯಲು 3,000ದಿಂದ 5,000 ಲೀಟರಿನಷ್ಟು ನೀರು ಬೇಕಾಗುವದೆಂದು ಲೆಕ್ಕ ಹಾಕಿದ್ದಾರೆ. ಈ ತೊಡಕನ್ನು ಬಿಡಿಸಲು ಯತ್ನಿಸಿದವರಲ್ಲಿ ಒಬ್ಬ ಮಹಿಳೆಯ ಹೆಸರನ್ನು ನಾವು ಅಭಿಮಾನದಿಂದ ಬರೆಯುತ್ತೇವೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಡಾ. ಶೈಲಜಾ ಹಿತ್ತಲಮನಿಯವರು, ನೀರು ನಿಲ್ಲಿಸದೆ ಜೋಳ ರಾಗಿಗಳಂತೆ ಒಣ ಮಣ್ಣಿನಲ್ಲಿ ಬಿತ್ತಿ ಆಗಾಗ ತೇವ ಕೊಟ್ಟು ಬೆಳೆಯಬಹುದಾದ ಏರೋಬಿಕ್ ಭತ್ತದ ಸಂಶೋಧನೆಯಲ್ಲಿ ಹೆಸರಾದವರು. ಅವರು ಸಿದ್ಧಪಡಿಸಿದ ಎಂ.ಎ.ಎಸ್. 946-1 ಎಂಬ ತಳಿಯಲ್ಲಿ, ಗಿಡದ ಹೊರರೂಪವನ್ನಷ್ಟೇ ನೆಚ್ಚದೆ, ಅದರ ಜೀವಕಣದೊಳಗಿನ ಗುರುತುಗಳನ್ನು ಓದಿ ಆರಿಸುವ ಹೊಸ ವಿಧಾನವನ್ನು ಬಳಸಲಾಯಿತು. ಮೆಂಡೆಲ್ ಎಣಿಸಿ ತಿಳಿದದ್ದನ್ನು ಇಂದಿನವರು ಕಣದೊಳಗೇ ಹೊಕ್ಕು ಓದುವರು.

8. ನಮ್ಮ ಹೆಣ್ಣುಮಕ್ಕಳ ಕೈಗಳು

ಈಗ ಮೊದಲಲ್ಲಿ ಹೇಳದೆ ಉಳಿಸಿದ ಕಾರಣಕ್ಕೆ ಬರುವೆವು.

1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು ವರಲಕ್ಷ್ಮಿ ಎಂಬ ಹತ್ತಿಯ ಹೈಬ್ರಿಡ್ಡನ್ನು ಹೊರತಂದರು. ಬಳಿಕ ಡಿ.ಸಿ.ಎಚ್. 32, ಅಂದರೆ ಜಯಲಕ್ಷ್ಮಿ, ಬಂದಿತು. ಈ ಹೆಸರನ್ನು ನಮ್ಮ ಸೀಮೆಯ ರೈತರು ಚೆನ್ನಾಗಿ ಬಲ್ಲರು. ಭತ್ತಕ್ಕೆ ಒಂದು ಹಗ್ಗ ಸಾಕು, ಹತ್ತಿಗೆ ಸಾಲದು. ಹತ್ತಿಯ ಸಂಕರ ಬೀಜವನ್ನು ಹೀಗೆಯೇ ಕೈಯಿಂದ ಮಾಡಬೇಕು: ಸಂಜೆ ಮೊಗ್ಗಿನ ಪರಾಗಕೋಶಗಳನ್ನು ಉಗುರಿನಿಂದ ತೆಗೆಯುವದು, ಮುಂಜಾನೆ ಬೇರೆ ಹೂವಿನ ಪರಾಗವನ್ನು ಮುಟ್ಟಿಸುವದು. ಹಳ್ಳಿಗಳಲ್ಲಿ ಇದಕ್ಕೆ ಕ್ರಾಸಿಂಗ್ ಕೆಲಸವೆನ್ನುತ್ತಾರೆ. ಹಗುರ ಬೆರಳುಗಳು ಬೇಕೆಂದು, ಕಡಿಮೆ ಕೂಲಿಗೆ ಬರುತ್ತಾರೆಂದು, ಹುಡುಗಿಯರನ್ನು ಈ ಕೆಲಸಕ್ಕೆ ಕರೆದೊಯ್ಯುವದು ನಾಡಿನ ಹಲವು ಕಡೆ ನಡೆದುಬಂದಿದೆ. ಹೂವಿನ ಕಾಲವು ಶಾಲೆಯ ಕಾಲವೂ ಆಗಿರುವದರಿಂದ ಹಾಜರಿಯ ಪುಸ್ತಕದಲ್ಲಿ ಅದರ ಗುರುತು ಬೀಳುವದು. ಎರಡು ತಿಂಗಳು ತಪ್ಪಿದ ಹುಡುಗಿಯು ಪರೀಕ್ಷೆಯಲ್ಲಿ ಹಿಂದೆ ಬೀಳುವಳು. ಹಿಂದೆ ಬಿದ್ದವಳನ್ನು ಬಿಡಿಸುವದು ಮನೆಯವರಿಗೆ ಸುಲಭವಾಗುವದು. ಬಿಡಿಸಿದವಳಿಗೆ ಬೇಗನೆ ಮದುವೆಯ ಮಾತು ಹೊರಡುವದು.

ಮಾನ್ಯ ಪಾಲಕರೇ, ಬಡತನದ ಮಾತನ್ನು ನಾವು ಅರಿಯದವರಲ್ಲ. ಕೂಲಿಯ ಹಣವು ಮನೆಯ ಒಲೆಯನ್ನು ಉರಿಸುವದೆಂಬದನ್ನು ಬಲ್ಲೆವು. ಆದರೂ ಈ ಒಂದು ಸಂಗತಿಯನ್ನು ಯೋಚಿಸಿರಿ. ಹೊಲದಲ್ಲಿ ನಿಮ್ಮ ಮಗಳು ಬೆರಳಿನಿಂದ ಮಾಡುವ ಕೆಲಸವೂ, ಮಹದೇವಪ್ಪನವರಂಥವರು ಚಿಮಟದಿಂದ ಮಾಡಿದ ಕೆಲಸವೂ ಒಂದೇ. ಹೂವು ಒಂದೇ ತರದ್ದು, ತಾಳ್ಮೆಯು ಒಂದೇ ತರದ್ದು. ಭೇದವೆಲ್ಲಿ? ಒಬ್ಬರಿಗೆ ತಾವು ಮಾಡುವದು ಏತಕ್ಕೆಂದು ಗೊತ್ತಿತ್ತು. ಇವಳಿಗೆ ಅದನ್ನು ಯಾರೂ ಹೇಳಲಿಲ್ಲ. ಒಬ್ಬರಿಗೆ ವಿದ್ಯೆಯನ್ನು ಪೂರ್ತಿಗೊಳಿಸಲು ವರುಷಗಳು ದೊರೆತವು. ಇವಳಿಂದ ಆ ವರುಷಗಳನ್ನು ಕೂಲಿಗೆ ಕೊಳ್ಳಲಾಗುತ್ತದೆ. ಮಾದಾಪುರದ ಬೇಸಾಯಗಾರರ ಮನೆಯವರು ಆ ಹುಡುಗನನ್ನು ನಡುವಿನಲ್ಲಿಯೇ ನಿಲ್ಲಿಸಿದ್ದರೆ ನಷ್ಟವು ಆ ಮನೆಗೆ ಮಾತ್ರ ಆಗುತ್ತಿರಲಿಲ್ಲ.

ಸಂಕರದ ಎರಡನೆಯ ತಲೆಮಾರಿನ ಹೊಲವನ್ನು ನೋಡಿದವನು ಇದರಿಂದೇನೂ ಆಗದೆಂದು ತಿರುಗಿ ಹೋದರೆ, ಏಳನೆಯ ತಲೆಮಾರಿನ ಒಳ್ಳೆಯ ತಳಿಯು ಎಂದೂ ಅವನ ಕೈಸೇರುವದಿಲ್ಲ. ವಿದ್ಯೆಯೂ ಹಾಗೆಯೇ ಇರುವದು. ಹತ್ತನೆಯ ತರಗತಿಯಲ್ಲಿ ಅಳೆದು ಮುಗಿಸತಕ್ಕದ್ದಲ್ಲ. ನಮ್ಮ ಕರ್ತನು ಹೇಳಿದ ಬಿತ್ತುವವನ ಸಾಮ್ಯವನ್ನು ನೀವು ಬಾಲ್ಯದಿಂದ ಕೇಳಿರುವಿರಿ. ಅದರಲ್ಲಿ ಬೀಜವು ಒಂದೇ. ಬಿದ್ದ ನೆಲಗಳು ಮಾತ್ರ ಬೇರೆ ಬೇರೆ. ಮಕ್ಕಳಿಗೆ ಒಳ್ಳೆಯ ನೆಲವಾಗುವ ಕೆಲಸವು ಮನೆಯದೂ ಶಾಲೆಯದೂ ಕೂಡಿದ್ದು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಶಿಕ್ಷಕಿಯರಾಗಿದ್ದೀರಿ, ಕೆಲವರು ದಾದಿಯರಾಗಿದ್ದೀರಿ, ಬಹುಜನರು ಮನೆಯನ್ನು ಸಾಗಿಸುವ ತಾಯಂದಿರಾಗಿದ್ದೀರಿ. ನಿಮ್ಮ ಓಣಿಯಲ್ಲಿ ಕ್ರಾಸಿಂಗ್ ಕಾಲಕ್ಕೆ ಶಾಲೆ ತಪ್ಪಿಸುವ ಒಬ್ಬ ಹುಡುಗಿಯಿದ್ದರೆ ಅವಳ ಮನೆಗೆ ಒಂದು ಸಂಜೆ ಹೋಗಿ ಕೂತು ಮಾತಾಡಿರಿ. ಅವಳ ತಪ್ಪಿದ ಪಾಠಗಳನ್ನು ರಾತ್ರಿಯ ಹೊತ್ತು ಹೇಳಿಕೊಡಿರಿ. ಕೃಷಿ ಪದವಿಯ ಶಿಕ್ಷಣಕ್ಕೆ ಹೆಣ್ಣುಮಕ್ಕಳಿಗೂ ಧಾರವಾಡದಲ್ಲಿ ಬಾಗಿಲು ತೆರೆದಿದೆಯೆಂದು ಅವಳ ತಂದೆತಾಯಿಗಳಿಗೆ ತಿಳಿಸಿರಿ. ಮುಂದೊಂದು ದಿನ ನಮ್ಮ ಎರೆಹೊಲಕ್ಕೆ ತಕ್ಕ ಜೋಳದ ತಳಿಯನ್ನೋ ಶೇಂಗಾದ ತಳಿಯನ್ನೋ ಶಿಗ್ಲಿಯ ಒಬ್ಬ ಮಗಳು ಸಿದ್ಧಪಡಿಸಿದರೆ, ಕಾಳಿನ ಮೇಲೆ ಅವಳ ಹೆಸರು ಇರಲಾರದು. ಆದರೆ ನಮ್ಮ ಶಾಲೆಯ ಹಾಜರಿಯ ಪುಸ್ತಕದಲ್ಲಿ ಅದು ಒಂದು ದಿವಸವೂ ತಪ್ಪದೆ ಇರಲಿ ಎಂಬದೇ ನಮ್ಮ ಪ್ರಾರ್ಥನೆ.